ಕೆನಡಾ ವೀಸಾ ಇತ್ತು, ಆದರೂ ಬಜ್ಪೆಯಿಂದ ವಾಪಸ್ ಬಂದೆವು

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ನಾನು ಪೆರ್ಲದ ಹತ್ತಿರದ ಶಾಲೆಯೊಂದರಲ್ಲಿ 29 ವರ್ಷ ಕನ್ನಡ ಪಾಠ ಹೇಳಿ ನಿವೃತ್ತಳಾದವಳು. ಇಷ್ಟು ವರ್ಷ ನಿಮ್ಮ ಪತ್ರಿಕೆ ಓದಿದ್ದೇನೆ, ಒಂದು ಪತ್ರವನ್ನೂ ಬರೆದಿರಲಿಲ್ಲ. ಈಗ ನಮ್ಮ ಕಡೆಯಿಂದ ಮಕ್ಕಳ ಮನೆಗೆಂದು ದೂರದ ದೇಶಕ್ಕೆ ಹೊರಡುವ ಅಪ್ಪ ಅಮ್ಮಂದಿರು ಎಷ್ಟೋ ಮಂದಿ ಇದ್ದಾರೆ. ನಮಗೆ ಆದದ್ದು ಅವರಿಗೆ ಆಗಬಾರದು ಅಂತ ಬರೆಯುತ್ತಿದ್ದೇನೆ.

ಮಗಳು ಅಳಿಯ ಇರುವುದು ಕೆನಡಾದ ಟೊರಾಂಟೋದಲ್ಲಿ. ಅವಳಿಗೆ ಚೊಚ್ಚಲ ಹೆರಿಗೆ. ಚೊಚ್ಚಲ ಬಾಣಂತನ ತಾಯಿ ಮನೆಯದ್ದು ಅಲ್ವಾ? ಅವಳು ಬರುವ ಹಾಗಿಲ್ಲ, ಹಾಗಾಗಿ ನಾವೇ ಹೋಗುವುದು ಅಂತ ಆಯಿತು. ಕಾಸರಗೋಡಿನ ಅಂಚೆ ಕಚೇರಿಯ ಪಾಸ್‌ಪೋರ್ಟ್ ಕೇಂದ್ರದಲ್ಲಿ ಇಬ್ಬರ ಪಾಸ್‌ಪೋರ್ಟ್ ಆಯಿತು. ಬೆಂಗಳೂರಿಗೆ ಹೋಗಿ ಬೆರಳಚ್ಚು ಕೊಟ್ಟು ಬಂದೆವು. ಕೆನಡಾದ ವಿಸಿಟರ್ ವೀಸಾವೂ ಬಂತು. ದೊಡ್ಡ ಕೆಲಸ ಮುಗಿಯಿತು, ಇನ್ನು ಟಿಕೆಟ್ ಒಂದು ಮಾಡಿಸಿದರೆ ಸಾಕು ಅಂತ ಮನೆಯವರೂ ನಾನೂ ನಿರಾಳವಾದೆವು.

ಟಿಕೆಟ್ ಮಾಡಿಸಿದ್ದು ನಮ್ಮ ಕಡೆಯದೇ ಒಂದು ಅಂಗಡಿಯಲ್ಲಿ. ಮಂಗಳೂರಿನಿಂದ ದುಬೈ, ದುಬೈಯಿಂದ ಟೊರಾಂಟೋ. ಡಾಕ್ಟರು ಕೊಟ್ಟ ದಿನಕ್ಕೆ 12 ದಿನ ಮೊದಲೇ ತಲುಪುವ ಲೆಕ್ಕ. ಬೇರೆ ದಾರಿಗಿಂತ ತಲೆಗೆ 14,000 ರೂಪಾಯಿ ಕಡಿಮೆ ಆಗುತ್ತದೆ ಅಂದರು. "ದುಬೈಯಲ್ಲಿ ಬರೀ ವಿಮಾನ ಬದಲಿಸುವುದು, ಹೊರಗೆ ಹೋಗಲಿಕ್ಕಿಲ್ಲ, ವೀಸಾ ಬೇಡ" ಅಂತಲೂ ಅಂದರು. ನಾವು ನಂಬಿದೆವು. ನಂಬದೆ ಏನು ಮಾಡುವುದು, ನಾವು ಅದುವರೆಗೆ ವಿಮಾನವನ್ನು ನೋಡಿದ್ದು ಆಕಾಶದಲ್ಲಿ ಮಾತ್ರ.

ಹೊರಡುವ ಹಿಂದಿನ ವಾರವೆಲ್ಲ ಮನೆ ತುಂಬ ಕೆಲಸ. ಬಾಣಂತಿ ಲೇಹ್ಯ, ಕಾಯಿಸಿದ ಎಣ್ಣೆ, ಹಲಸಿನ ಹಪ್ಪಳ, ಐದು ಕಿಲೋ ಕುಚ್ಚಿಲಕ್ಕಿ. ಮಗುವಿಗೆ ಮೆತ್ತಗಾಗಲಿ ಅಂತ ನನ್ನ ಹಳೆಯ ವಾಯಿಲ್ ಸೀರೆಗಳನ್ನು ಒಗೆದು, ಹರಿದು, ಅಂಚು ಹೊಲಿದು ಮಡಚಿದ್ದೆ. ಎರಡು ರಟ್ಟಿನ ಪೆಟ್ಟಿಗೆ ತುಂಬಿ, ಹಗ್ಗ ಕಟ್ಟಿ, ಮನೆಯವರು ನಾಲ್ಕೂ ಬದಿಗೆ ಹೆಸರು ಬರೆದರು.

ಕಾರು ಮಾಡಿಕೊಂಡು ವಿಟ್ಲ, ಬಿ.ಸಿ.ರೋಡ್ ದಾರಿಯಾಗಿ ಬಜ್ಪೆಯ ಮಂಗಳೂರು ವಿಮಾನ ನಿಲ್ದಾಣ ತಲುಪಿದಾಗ ಸಂಜೆ ಏಳು ಗಂಟೆ. ಕೌಂಟರಿನಲ್ಲಿ ಇದ್ದದ್ದು ನನ್ನ ಮಗಳ ಪ್ರಾಯದ ಹುಡುಗಿ. ಪೆಟ್ಟಿಗೆಗಳನ್ನು ತೂಕದ ಬೆಲ್ಟಿನ ಮೇಲೆ ಇಡಿಸಿದಳು. ಪಾಸ್‌ಪೋರ್ಟ್ ತಿರುವಿದಳು. ಮತ್ತೆ ತಿರುವಿದಳು. "ಅಮ್ಮಾ, ದುಬೈ ವೀಸಾ ಉಂಟಾ?" ಅಂತ ಕೇಳಿದಳು.

ನಾನು ಕೆನಡಾ ವೀಸಾದ ಪುಟ ತೋರಿಸಿದೆ. ಅದು ನೋಡಿದ್ದೇನೆ ಅಂದಳು. ಆಮೇಲೆ ನಮ್ಮ ಟಿಕೆಟ್ ಹಾಳೆಯನ್ನು ನಮ್ಮ ಕಡೆಗೆ ತಿರುಗಿಸಿ ಬೆರಳಿಟ್ಟು ತೋರಿಸಿದಳು. ಹಾಳೆಯ ತಲೆಯಲ್ಲಿ ಒಂದೇ ಬುಕಿಂಗ್ ನಂಬರ್. ಅದು ಟಿಕೆಟ್ ಮಾರಿದ ಜಾಲತಾಣದ್ದು. ಅದರ ಕೆಳಗೆ, ಮಂಗಳೂರು–ದುಬೈ ಅಂತ ಇದ್ದ ಕಡೆ ಆರು ಅಕ್ಷರದ ಒಂದು ಪಿಎನ್ಆರ್, ಅಂದರೆ ವಿಮಾನ ಕಂಪನಿಯ ಬುಕಿಂಗ್ ಗುರುತು. ದುಬೈ–ಟೊರಾಂಟೋ ಅಂತ ಇದ್ದ ಕಡೆ ಬೇರೆಯೇ ಆರು ಅಕ್ಷರ. ನಡುವೆ ಸಣ್ಣ ಅಕ್ಷರದಲ್ಲಿ ಇಂಗ್ಲಿಷಿನಲ್ಲಿ ಸೆಲ್ಫ್ ಟ್ರಾನ್ಸ್‌ಫರ್ ಅಂತ ಎರಡು ಪದ. ಆ ಹಾಳೆಯನ್ನು ನಾನು ಹತ್ತು ಸಲ ಓದಿದ್ದೆ. ಆ ಎರಡು ಪದಗಳನ್ನೂ ಓದಿದ್ದೆ. ಅದರ ಅರ್ಥ ಇಷ್ಟು ದೊಡ್ಡದು ಅಂತ ಗೊತ್ತಿರಲಿಲ್ಲ.

ಅವಳು ಹೇಳಿದ್ದು ಇಷ್ಟು. ಇವು ಎರಡು ಬೇರೆ ಬೇರೆ ಟಿಕೆಟ್. ನಮ್ಮ ಲೆಕ್ಕದಲ್ಲಿ ನಿಮ್ಮ ಪ್ರಯಾಣ ದುಬೈಗೆ ಮುಗಿಯಿತು. ನಿಮ್ಮ ಪೆಟ್ಟಿಗೆಗಳು ಅಲ್ಲಿ ಬೆಲ್ಟಿಗೆ ಬರುತ್ತವೆ. ಅವನ್ನು ತೆಗೆದುಕೊಂಡು ಇನ್ನೊಂದು ಕಂಪನಿಯ ಕೌಂಟರಿಗೆ ಕೊಡಬೇಕಾದರೆ ನೀವು ಇಮಿಗ್ರೇಷನ್ ದಾಟಿ ಹೊರಗೆ ಬರಬೇಕು. ಹೊರಗೆ ಬಂದರೆ ದುಬೈ ಒಳಗೆ ಹೋದ ಹಾಗೆ. ಅದಕ್ಕೆ ವೀಸಾ ಬೇಕು.

"ಪೆಟ್ಟಿಗೆ ಇಲ್ಲೇ ಬಿಟ್ಟು ಕೈಚೀಲದಲ್ಲಿ ಹೋದರೆ?" ಅಂತ ಮನೆಯವರು ಕೇಳಿದರು. ಹಾಗಾದರೆ ಮುಂದಿನ ವಿಮಾನದ ಬೋರ್ಡಿಂಗ್ ಪಾಸ್ ಕೈಯಲ್ಲಿ ಇರಬೇಕು ಅಂದಳು. ಅಳಿಯ ಅಲ್ಲಿಂದಲೇ ಮೊಬೈಲಿನಲ್ಲಿ ಪ್ರಯತ್ನ ಮಾಡಿದ. ವೀಸಾ ಕಾಗದ ಕೌಂಟರಿನಲ್ಲಿ ನೋಡಿದ ಮೇಲೆಯೇ ಪಾಸ್ ಅಂತ ಆ ಕಂಪನಿಯ ಆ್ಯಪ್ ತೋರಿಸುತ್ತಿತ್ತು. ಒಂಬತ್ತೂವರೆಗೆ ಕೌಂಟರ್ ಮುಚ್ಚಿತು. ನಮ್ಮ ಪೆಟ್ಟಿಗೆಗಳನ್ನು ಬೆಲ್ಟಿನಿಂದ ನಾವೇ ಎತ್ತಿ ಕೆಳಗೆ ಇಳಿಸಿಕೊಂಡೆವು. ರಾತ್ರಿ ಒಂದು ಗಂಟೆಗೆ ಮನೆಯ ಬೀಗ ತೆಗೆದಾಗ ದೇವರ ಮುಂದೆ ಹಚ್ಚಿಟ್ಟು ಹೋದ ದೀಪ ಇನ್ನೂ ಉರಿಯುತ್ತಿತ್ತು.

ಆ ಹುಡುಗಿಯ ಮೇಲೆ ನನಗೆ ಸಿಟ್ಟಿಲ್ಲ. ವಿಮಾನ ಕಂಪನಿಗಳು ಟಿಮ್ಯಾಟಿಕ್ ಎಂಬ ಒಂದು ಮಾಹಿತಿ ಕೋಶ ಇಟ್ಟುಕೊಂಡಿರುತ್ತವೆ. ಯಾವ ದೇಶದ ಪಾಸ್‌ಪೋರ್ಟಿನವರು ಯಾವ ದೇಶದ ಮೂಲಕ ಹೋಗಲು ಏನೇನು ಬೇಕು ಅಂತ ಅದರಲ್ಲಿ ಇರುತ್ತದೆ. ಕಾಗದ ಸರಿಯಿಲ್ಲದವರನ್ನು ಕರೆದುಕೊಂಡು ಹೋದರೆ ಕಂಪನಿಗೇ ದಂಡ, ವಾಪಸ್ ತರುವ ಹೊಣೆಯೂ ಅವರದ್ದೇ. ಹಾಗಾಗಿ ಕೌಂಟರಿನಲ್ಲಿ ಯಾರೂ ಕರಗುವುದಿಲ್ಲ. ಇದೆಲ್ಲ ನಾವು ಬಜ್ಪೆಗೆ ಹೋಗುವ ಎರಡು ತಿಂಗಳ ಮೊದಲೇ, ಟಿಕೆಟ್ ಮಾಡುವ ಮೇಜಿನ ಎದುರು ತಿಳಿಯಬೇಕಾದ ವಿಷಯ.

ದುಡ್ಡಿನ ಮಾತೂ ಹೇಳಿಬಿಡುತ್ತೇನೆ. ಮೊದಲ ಹಾರಾಟಕ್ಕೆ ಹೋಗದಿದ್ದರೆ ಅದೇ ಪಿಎನ್ಆರಿನ ಉಳಿದ ಹಾರಾಟಗಳೂ ರದ್ದಾಗುತ್ತವೆ. ಟೊರಾಂಟೋ ಟಿಕೆಟಿನಲ್ಲೇ ನಮ್ಮ ವಾಪಸ್ ಪ್ರಯಾಣವೂ ಇತ್ತು. ಅದೂ ಹೋಯಿತು. ಇಬ್ಬರದ್ದೂ ಸೇರಿ 1,92,000 ರೂಪಾಯಿಯಲ್ಲಿ ಕೈಗೆ ಬಂದದ್ದು ತೆರಿಗೆಯ ಲೆಕ್ಕದ 21,400. ಅದು ನನ್ನ ಪಿಂಚಣಿಯಲ್ಲಿ ಕೂಡಿಟ್ಟ ದುಡ್ಡು. ಆದರೆ ದುಡ್ಡಿಗಿಂತ ದೊಡ್ಡ ನಷ್ಟ ಬೇರೆ. ಮತ್ತೆ ಟಿಕೆಟ್ ಸಿಕ್ಕಿ ನಾವು ಟೊರಾಂಟೋ ಮುಟ್ಟುವ ಎರಡು ದಿನ ಮೊದಲು ಮಗು ಹುಟ್ಟಿತು. ಮಗಳ ಪಕ್ಕ ಇದ್ದದ್ದು ಕೆಳಗಿನ ಮನೆಯ ಪಾಲಕ್ಕಾಡಿನ ಒಬ್ಬ ಹೆಂಗಸು. ಗಂಜಿ ಮಾಡಿ ತಂದು ಕೊಟ್ಟವರೂ ಅವರೇ. ಆ ತಾಯಿಗೆ ನನ್ನ ಕೈ ಮುಗಿದ ನಮಸ್ಕಾರ.

ನಮ್ಮ ಕಡೆಯವರಿಗೇ ಈ ತೊಂದರೆ ಯಾಕೆ ಅಂತ ಆಮೇಲೆ ಕೂತು ಯೋಚಿಸಿದೆ. ಕಾಸರಗೋಡಿನ ಉತ್ತರದವರಿಗೆ ಹತ್ತಿರದ್ದು ಮಂಗಳೂರು, ದಕ್ಷಿಣದವರಿಗೆ ಕಣ್ಣೂರು. ಕಣ್ಣೂರು ನಿಲ್ದಾಣ ಶುರುವಾದದ್ದು 2018ರ ಡಿಸೆಂಬರಿನಲ್ಲಿ. ಈ ಎರಡೂ ಕಡೆಯಿಂದ ಗಲ್ಫಿಗೆ ಹಾರುವುದು ನಮ್ಮ ದೇಶದ ಕಂಪನಿಗಳು. ಗಲ್ಫಿನ ದೊಡ್ಡ ಕಂಪನಿಗಳು ಇಲ್ಲಿಗೆ ಬರುವುದಿಲ್ಲ, ಅವಕ್ಕೆ ಅನುಮತಿ ಬೇಕು ಅಂತ ಕಣ್ಣೂರಿನವರು ಕೇಳುತ್ತಲೇ ಇದ್ದಾರೆ. ದುಬೈಗೆ ಹೋಗಿ ಅಲ್ಲೇ ಕೆಲಸ ಮಾಡುವವರಿಗೆ ಇದರಿಂದ ತೊಂದರೆ ಇಲ್ಲ, ಅವರ ಹತ್ತಿರ ಅಲ್ಲಿನ ವೀಸಾ ಇರುತ್ತದೆ. ಅಲ್ಲಿಂದ ಮುಂದೆ ಕೆನಡಾಕ್ಕೋ ಲಂಡನ್ನಿಗೋ ಹೋಗುವವರಿಗೆ ಮಾತ್ರ ಒಂದು ಕಂಪನಿಯ ಟಿಕೆಟಿಗೆ ಇನ್ನೊಂದು ಕಂಪನಿಯದ್ದನ್ನು ತೇಪೆ ಹಾಕಿ ಕೊಡುತ್ತಾರೆ. ಗಲ್ಫ್ ಟಿಕೆಟ್ ಮಾಡಿಕೊಟ್ಟು ಅಭ್ಯಾಸವಾದ ಅಂಗಡಿಗಳಿಗೆ ಈ ವ್ಯತ್ಯಾಸ ಹೊಳೆಯುವುದೇ ಇಲ್ಲವೇನೋ.

ಎರಡನೇ ಸಲ ನಾವು ಹೋದದ್ದೂ ದುಬೈ ಮೇಲೆಯೇ. ಆದರೆ ಕೊಚ್ಚಿಯಿಂದ, ಒಂದೇ ಕಂಪನಿ, ಒಂದೇ ಪಿಎನ್ಆರ್. ಕಾಸರಗೋಡಿನಲ್ಲಿ ರಾತ್ರಿ ರೈಲು ಹತ್ತಿ ಆಲುವಾದಲ್ಲಿ ಇಳಿದು ನೆಡುಂಬಾಶ್ಶೇರಿಯ ಕೊಚ್ಚಿ ವಿಮಾನ ನಿಲ್ದಾಣಕ್ಕೆ ಹೋದೆವು. ಪೆಟ್ಟಿಗೆಗೆ ಟ್ಯಾಗ್ ಸುತ್ತುವಾಗ ನಾನು ಬಗ್ಗಿ ಓದಿದೆ. ದುಬೈಯ ಗುರುತು ಡಿಎಕ್ಸ್‌ಬಿ ಇತ್ತು, ಕೊನೆಯ ಊರಿನ ಜಾಗದಲ್ಲಿ ದೊಡ್ಡ ಅಕ್ಷರದಲ್ಲಿ ವೈವೈಝಡ್. ಅದು ಟೊರಾಂಟೋ. ಆ ಮೂರು ಅಕ್ಷರ ನೋಡಿದ ಮೇಲೆಯೇ ನನ್ನ ಎದೆ ಹಗುರಾದದ್ದು. ಎರಡು ಬೋರ್ಡಿಂಗ್ ಪಾಸೂ ಅಲ್ಲೇ ಕೊಟ್ಟರು. ದುಬೈಯಲ್ಲಿ ಕನೆಕ್ಷನ್ಸ್ ಅಂತ ಬರೆದ ಬೋರ್ಡ್ ಹಿಡಿದು ನಡೆದೆವು. ಸೆಕ್ಯುರಿಟಿಯವರು ಕೈಚೀಲ ನೋಡಿದರು, ಅಷ್ಟೇ. ಪಾಸ್‌ಪೋರ್ಟಿಗೆ ಠಸ್ಸೆ ಇಲ್ಲ, ವೀಸಾದ ಮಾತಿಲ್ಲ. ಅದೇ ಊರು, ಅದೇ ನಾವು. ಟಿಕೆಟ್ ಒಂದಾದದ್ದು ಮಾತ್ರ ವ್ಯತ್ಯಾಸ.

ಇನ್ನೊಂದು ಲಾಭವನ್ನೂ ಅಳಿಯ ಹೇಳಿದ. ಒಂದೇ ಟಿಕೆಟ್ ಇದ್ದು ಮೊದಲ ವಿಮಾನ ತಡವಾದರೆ ಮುಂದಿನದ್ದಕ್ಕೆ ಹತ್ತಿಸುವುದು ಕಂಪನಿಯ ಕೆಲಸ. ಎರಡು ಟಿಕೆಟ್ ಆದರೆ, ತಡವಾದದ್ದು ನಿಮ್ಮ ಪಾಡು.

ದಾರಿಯ ಎಲ್ಲ ದೇಶಗಳೂ ದುಬೈಯ ಹಾಗೆ ಅಲ್ಲ ಅಂತಲೂ ಈಗ ಗೊತ್ತಾಯಿತು. ಅಮೆರಿಕದಲ್ಲಿ ಇಮಿಗ್ರೇಷನ್ ದಾಟದೆ ಒಳಗಿಂದ ಒಳಗೇ ಇನ್ನೊಂದು ದೇಶದ ವಿಮಾನ ಹತ್ತುವ ಏರ್ಪಾಡೇ ಇಲ್ಲ. ಎರಡು ಗಂಟೆ ಕೂತು ಹೋಗುವುದಾದರೂ ಭಾರತೀಯರಿಗೆ ಅಲ್ಲಿನ ವೀಸಾ ಬೇಕು. ನಮ್ಮ ಕೋಟಿಕುಳಂ, ಪಾಲಕ್ಕುನ್ನಿನ ಹಡಗಿನ ಹುಡುಗರಿಗೆ ಇದು ಬಾಯಿಪಾಠ, ಅವರ ಪಾಸ್‌ಪೋರ್ಟಿನಲ್ಲಿ ಹಡಗಿನ ಕೆಲಸದವರಿಗೆ ಅಮೆರಿಕ ಕೊಡುವ ಸಿ-1/ಡಿ ಎಂಬ ವೀಸಾ ಇರುತ್ತದೆ. ಕೆನಡಾದ ಮೂಲಕ ಬೇರೆ ದೇಶಕ್ಕೆ ಹೋಗುವವರೂ ಟ್ರಾನ್ಸಿಟ್ ವೀಸಾ ಮಾಡಿಸಬೇಕು. ಅದಕ್ಕೆ ಶುಲ್ಕ ಇಲ್ಲ, ಆದರೆ ಮೊದಲೇ ಅರ್ಜಿ ಹಾಕಬೇಕು. ಲಂಡನ್ನಿನಲ್ಲಿ ಹೀಥ್ರೂಗೆ ಇಳಿದು ಗ್ಯಾಟ್ವಿಕ್‌ನಿಂದ ಹತ್ತುವ ಟಿಕೆಟ್ ಅಗ್ಗವಾಗಿ ಸಿಗಬಹುದು. ಅವು ಎರಡು ಬೇರೆ ನಿಲ್ದಾಣಗಳು, ಊರೊಳಗೆ ಹೋಗಿಯೇ ದಾಟಬೇಕು. ನಿಲ್ದಾಣದ ಒಳಗೇ ವಿಮಾನ ಬದಲಿಸುವ ಭಾರತೀಯರಿಗೂ ಬ್ರಿಟನ್ ಟ್ರಾನ್ಸಿಟ್ ವೀಸಾ ಕೇಳುತ್ತದೆ, ಕೆನಡಾ, ಅಮೆರಿಕದಂಥ ಕೆಲವು ದೇಶಗಳ ವೀಸಾ ಇದ್ದವರಿಗೆ ವಿನಾಯಿತಿ ಉಂಟು. ಯುರೋಪಿನ ಶೆಂಗೆನ್ ದೇಶಗಳಲ್ಲಿ, ಅಂದರೆ ಒಂದೇ ವೀಸಾ ನಡೆಯುವ ಗುಂಪಿನ ದೇಶಗಳಲ್ಲಿ, ಇನ್ನೊಂದು ತೊಡಕು. ಪ್ಯಾರಿಸಿನಲ್ಲಿ ಇಳಿದು, ಆಮ್‌ಸ್ಟರ್‌ಡಾಮಿಗೆ ಹೋಗಿ, ಅಲ್ಲಿಂದ ಡಬ್ಲಿನ್ನಿಗೆ ಅಂತ ಟಿಕೆಟ್ ಇದ್ದರೆ, ಪ್ಯಾರಿಸಿನಲ್ಲೇ ಇಮಿಗ್ರೇಷನ್ ದಾಟಬೇಕಾಗುತ್ತದೆ. ಶೆಂಗೆನ್ ಒಳಗಿನ ಹಾರಾಟ ಎಂದರೆ ಒಂದು ದೇಶದೊಳಗಿನ ಹಾರಾಟ ಇದ್ದ ಹಾಗೆ. ಡಬ್ಲಿನ್ ಇರುವ ಐರ್ಲೆಂಡ್ ಆ ಗುಂಪಿಗೆ ಸೇರಿಲ್ಲ, ಹಾಗಾಗಿ ಐರ್ಲೆಂಡಿನ ವೀಸಾ ಮಾತ್ರ ಹಿಡಿದುಕೊಂಡು ಹೋದ ನರ್ಸ್ ಹುಡುಗಿ ಅಲ್ಲಿ ಸಿಕ್ಕಿಬೀಳುತ್ತಾಳೆ. ಈ ನಿಯಮಗಳು ಆಗಾಗ ಬದಲಾಗುತ್ತವೆ. ಹೋದ ವರ್ಷ ಹೋಗಿ ಬಂದ ಭಾವನ ಮಾತು ಕೇಳಿ ಹೊರಡಬೇಡಿ, ಆಯಾ ದೇಶದ ಸರ್ಕಾರದ ಜಾಲತಾಣದಲ್ಲಿ ಮಕ್ಕಳ ಕೈಯಲ್ಲಿ ನೋಡಿಸಿ, ವಿಮಾನ ಕಂಪನಿಗೂ ಫೋನ್ ಮಾಡಿ.

ಟಿಕೆಟಿಗೆ ದುಡ್ಡು ಕೊಡುವ ಮೊದಲು ಅಂಗಡಿಯವರ ಎದುರು ಕೂತು ಕೇಳಿ: ಪಿಎನ್ಆರ್ ಒಂದೋ ಎರಡೋ? ನನ್ನ ಪೆಟ್ಟಿಗೆ ಕೊನೆಯ ಊರಿಗೇ ಹೋಗುತ್ತದೋ, ನಡುವೆ ನಾನು ತೆಗೆಯಬೇಕೋ? ಇಳಿಯುವುದೂ ಹತ್ತುವುದೂ ಒಂದೇ ನಿಲ್ದಾಣದಲ್ಲಾ? ಉತ್ತರವನ್ನು ಬಾಯಲ್ಲಿ ಹೇಳಿದರೆ ಸಾಲದು, ರಶೀದಿಯ ಹಿಂದೆ ಬರೆದು ಸಹಿ ಹಾಕಿ ಕೊಡಿ ಅನ್ನಿ. ನಾನು ಅಷ್ಟು ಕೇಳಿದ್ದರೆ ಆ ಅಂಗಡಿಯವರೂ ಒಮ್ಮೆ ನಿಂತು ನೋಡುತ್ತಿದ್ದರು.

ಸಂಬಂಧಪಟ್ಟವರಲ್ಲಿ ನನ್ನ ಬೇಡಿಕೆಯೂ ಉಂಟು. ಕಾಸರಗೋಡು, ಕುಂಬಳೆ, ಉಪ್ಪಳ, ಬದಿಯಡ್ಕದ ಟಿಕೆಟ್ ಅಂಗಡಿಗಳಲ್ಲಿ ಈ ಪ್ರಶ್ನೆಗಳ ಒಂದು ಬೋರ್ಡ್ ಕನ್ನಡದಲ್ಲೂ ಮಲಯಾಳದಲ್ಲೂ ಇರಲಿ. ಕೇರಳ ಸರ್ಕಾರದ ನೋರ್ಕಾ ರೂಟ್ಸ್ ಇರುವುದೇ ವಿದೇಶಕ್ಕೆ ಹೋಗುವವರ ಒಳಿತಿಗೆ. ಅವರು ನಮ್ಮ ತಾಲೂಕುಗಳಿಗಾಗಿ ಕನ್ನಡದಲ್ಲಿ ಒಂದು ಹಾಳೆಯ ತಿಳಿವಳಿಕೆ ಪತ್ರ ಅಚ್ಚು ಹಾಕಿಸಲಿ. ರಾಜ್ಯದ ಕಚೇರಿಗಳೊಂದಿಗೆ ಕನ್ನಡದಲ್ಲಿ ವ್ಯವಹರಿಸುವ ಹಕ್ಕನ್ನು 1969ರ ಭಾಷಾ ಕಾಯ್ದೆಯೇ ನಮಗೆ ಕೊಟ್ಟಿದೆ, ನಾವು ಹೊಸದೇನೂ ಕೇಳುತ್ತಿಲ್ಲ. ನನಗೆ ಇಂಗ್ಲಿಷ್ ಓದಲು ಬರುತ್ತದೆ, ಆದರೂ ಸೆಲ್ಫ್ ಟ್ರಾನ್ಸ್‌ಫರ್ ಎಂಬ ಪದದ ಎದುರು ಸೋತೆ. "ಇಲ್ಲಿ ನಿಮ್ಮ ಪೆಟ್ಟಿಗೆ ನೀವೇ ತೆಗೆಯಬೇಕು, ವೀಸಾ ಬೇಕಾಗಬಹುದು" ಅಂತ ಕನ್ನಡದಲ್ಲಿ ಒಂದು ಸಾಲು ಇದ್ದಿದ್ದರೆ ಬಜ್ಪೆಯ ಆ ರಾತ್ರಿ ಇರುತ್ತಿರಲಿಲ್ಲ. ನಿಮ್ಮ ಪತ್ರಿಕೆಯಲ್ಲೂ ಟಿಕೆಟ್ ಅಂಗಡಿಗಳ ಜಾಹೀರಾತು ಬರುತ್ತದೆ. ಅದರ ಪಕ್ಕ ಎರಡು ಇಂಚು ಜಾಗದಲ್ಲಿ ಆ ಒಂದು ಸಾಲನ್ನು ಹಾಕುವುದಕ್ಕೆ ಆಗುತ್ತದಾ ಅಂತ ನೀವೂ ನೋಡಬೇಕು.

ನಾವು ಆರು ತಿಂಗಳು ಇದ್ದು ಹೋದ ತಿಂಗಳು ಊರಿಗೆ ಬಂದೆವು. ಈಗ ಶನಿವಾರ ಬೆಳಿಗ್ಗೆ ಹತ್ತರಿಂದ ಹನ್ನೆರಡರವರೆಗೆ ನಮ್ಮ ಊರಿನ ವಾಚನಾಲಯದಲ್ಲಿ ಕೂರುತ್ತೇನೆ. ಮಕ್ಕಳ ಹತ್ತಿರ ಹೊರಟವರು ಯಾರಾದರೂ ಟಿಕೆಟ್ ಹಾಳೆ ಹಿಡಿದುಕೊಂಡು ಬಂದರೆ ಜೊತೆಗೆ ಕೂತು ಓದೋಣ. ಎರಡು ವಾರದಲ್ಲಿ ನಾಲ್ಕು ಮಂದಿ ಬಂದರು. ಅವರಲ್ಲಿ ಅಡ್ಯನಡ್ಕದ ಕಡೆಯ ಒಬ್ಬರ ಹಾಳೆಯಲ್ಲಿ ಎರಡು ಪಿಎನ್ಆರ್ ಇತ್ತು. ಹೊರಡಲು ಇನ್ನೂ ಐದು ವಾರ ಇತ್ತು, ಅಂಗಡಿಗೆ ಹೋಗಿ ಬದಲಾಯಿಸಿಕೊಂಡು ಬಂದಿದ್ದಾರೆ.

ಇತಿ,
ನಿವೃತ್ತ ಕನ್ನಡ ಅಧ್ಯಾಪಿಕೆ,
ಪೆರ್ಲ, ಕಾಸರಗೋಡು ಜಿಲ್ಲೆ