ಸಿಗ್ನಲ್ ಮೂಲೆಯಲ್ಲಿ ಮಕ್ಕಳನ್ನು ಇಳಿಸಬೇಡಿ

ಪ್ರಿಯ ಪೋಷಕರೇ,

ನಮಸ್ಕಾರ. ಈ ಸಲದ ಪತ್ರ ಫೀಸು, ಪರೀಕ್ಷೆ ಬಗ್ಗೆ ಅಲ್ಲ. ಕನಕಪುರ ರಸ್ತೆಯಲ್ಲಿ ನಮ್ಮ ಶಾಲೆಗೆ ತಿರುಗುವ ಸಿಗ್ನಲ್ ಬಗ್ಗೆ. ಬೆಳಿಗ್ಗೆ ಶಾಲೆ ಶುರುವಾಗುವ ಹೊತ್ತಿಗೆ ನಾನೂ ಪಿ.ಟಿ. ಮೇಷ್ಟ್ರೂ ಅಲ್ಲೇ ನಿಂತಿರುತ್ತೇವೆ. ಕಣ್ಣಾರೆ ಕಂಡದ್ದನ್ನೇ ಹೇಳುತ್ತಿದ್ದೇನೆ.

ಬಿಎಂಟಿಸಿ ಬಸ್ಸು, ನೀರಿನ ಟ್ಯಾಂಕರ್, ಆಟೋ, ಸ್ಕೂಟರ್, ಸೈಕಲ್, ನಡೆದು ಬರುವ ಮಕ್ಕಳು, ಎಲ್ಲರಿಗೂ ಇರುವುದು ಅದೊಂದೇ ರಸ್ತೆ. ಕೆಂಪು ದೀಪ ಬಿದ್ದರೆ ಸಾಕು, ಸ್ಕೂಟರ್‌ಗಳು ಸಂದಿಸಂದಿಯಲ್ಲಿ ನುಸುಳಿ ಮುಂದೆ ಬಂದು ಜೀಬ್ರಾ ಪಟ್ಟಿಯ ಮೇಲೇ ನಿಲ್ಲುತ್ತವೆ, ಆಮೇಲೆ ಮಕ್ಕಳಿಗೆ ದಾಟಲು ಉಳಿಯುವುದು ಜಂಕ್ಷನ್ನಿನ ನಡುಭಾಗ ಮಾತ್ರ. ಟೈಮರ್‌ನಲ್ಲಿ ಮೂರು, ಎರಡು ಅಂತ ಬರುವಾಗಲೇ ಈ ಕಡೆಯವರು ಹೊರಟುಬಿಡುತ್ತಾರೆ. ಆ ಕಡೆಯವರು ಹಳದಿ ನೋಡಿದ ಮೇಲೂ ನಿಲ್ಲದೆ ಸ್ಪೀಡ್ ಜಾಸ್ತಿ ಮಾಡುತ್ತಾರೆ. ಗಂಟೆಗೆ 40 ಕಿ.ಮೀ. ವೇಗ ಅಂದರೆ ಸೆಕೆಂಡಿಗೆ 11 ಮೀಟರ್. ಮೂರು ಸೆಕೆಂಡಿನಲ್ಲಿ ಗಾಡಿ ಇಡೀ ಜಂಕ್ಷನ್ ದಾಟಿ ಹೋಗಿರುತ್ತದೆ, ಅಲ್ವಾ? ಅಷ್ಟರಲ್ಲಿ ಮೆಟ್ರೋ ಕಂಬದ ಮರೆಯಿಂದ ಒಂದು ಮಗು ಹೊರಗೆ ಬಂದರೆ ಯಾರಿಗೂ ಬ್ರೇಕ್ ಹಾಕಲು ಸಮಯವಿರುವುದಿಲ್ಲ.

ಒಂದು ಲೆಕ್ಕ ನೋಡಿ. ಒಂದು ಲೇನ್ 3.5 ಮೀಟರ್ ಅಂದರೆ ಆರು ಲೇನ್ ದಾಟಲು 21 ಮೀಟರ್, ನಡುವಿನ ಮೀಡಿಯನ್ ಬೇರೆ. ನಡೆಯುವವರಿಗೆ ಸಿಗ್ನಲ್ ಸಮಯ ಲೆಕ್ಕ ಹಾಕುವಾಗ ಸಾಮಾನ್ಯವಾಗಿ ಸೆಕೆಂಡಿಗೆ 1.2 ಮೀಟರ್ ನಡಿಗೆ ಅಂತ ಇಟ್ಟುಕೊಳ್ಳುತ್ತಾರೆ. ಹಾಗೆ ನಡೆದರೂ ಸುಮಾರು 18 ಸೆಕೆಂಡ್ ಬೇಕು. ಬೆನ್ನ ಮೇಲೆ ಬ್ಯಾಗ್ ಹೊತ್ತ ಯುಕೆಜಿ ಮಗು ಅಷ್ಟು ಬೇಗ ನಡೆಯಲ್ಲ. ಅದಕ್ಕೇ ದಾಟುವ ಸಮಯ ಹೆಚ್ಚಿಸಿ ಅಂತ ಸಂಚಾರ ಪೊಲೀಸರಿಗೆ ಶಾಲೆಯಿಂದ ಮನವಿ ಕೊಡುತ್ತಿದ್ದೇವೆ, ಸಹಿ ಹಾಕುವವರು ಆಫೀಸಿಗೆ ಬನ್ನಿ.

ಬಸ್ಸಿನ ಎಡಗಡೆ ಸ್ಕೂಟರ್ ನಿಲ್ಲಿಸುವ ಅಪ್ಪ ಅಮ್ಮಂದಿರೇ, ದಯವಿಟ್ಟು ಇದನ್ನು ಗಮನವಿಟ್ಟು ಓದಿ. ಬಸ್ಸು ಎಡಕ್ಕೆ ತಿರುಗುವಾಗ ಮುಂದಿನ ಚಕ್ರ ಹೋದ ದಾರಿಯಲ್ಲಿ ಹಿಂದಿನ ಚಕ್ರ ಬರುವುದಿಲ್ಲ, ಇನ್ನೂ ಒಳಗೆ, ಫುಟ್‌ಪಾತ್ ಕಡೆಗೆ ಎಳೆದುಕೊಂಡು ಬರುತ್ತದೆ. ನೀವು ನಿಂತಿರುವುದು ಸರಿಯಾಗಿ ಅಲ್ಲೇ, ಹಿಂದೆ ಮಗು ಕೂತಿರುತ್ತದೆ, ಡ್ರೈವರ್‌ಗೆ ನೀವು ಕಾಣಿಸುವುದೇ ಇಲ್ಲ. ಬಸ್ಸಿನ ಹಿಂದೆಯೇ ನಿಂತುಬಿಡಿ. ಹಾಗೆಯೇ, ಫ್ರೀ ಲೆಫ್ಟ್ ಬೋರ್ಡ್ ಇಲ್ಲದ ಕಡೆ ಕೆಂಪು ದೀಪಕ್ಕೆ ಎಡ ತಿರುವೂ ನಿಲ್ಲಬೇಕು.

ಇನ್ನು ಮೂಲೆಯಲ್ಲಿ ಕಾರು ನಿಲ್ಲಿಸುವ ವಿಷಯ. "ಒಂದೇ ನಿಮಿಷ ಮೇಡಂ" ಅನ್ನುತ್ತೀರಿ. ಆ ಒಂದು ನಿಮಿಷದಲ್ಲಿ ಒಂದು ಲೇನ್ ಪೂರ್ತಿ ಬಂದ್ ಆಗುತ್ತದೆ, ಹಸಿರು ದೀಪ ಸುಮ್ನೆ ಉರಿದು ಹೋಗುತ್ತದೆ, ಹಿಂದಿನ ಬಸ್ಸು ಜಂಕ್ಷನ್ ಮಧ್ಯದಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ. ಆಮೇಲೆ ನಾಲ್ಕೂ ಕಡೆ ಹಾರ್ನ್. ಮಕ್ಕಳು ಆ ಗಾಡಿಗಳ ನಡುವೆಯೇ ನುಗ್ಗಿ ಬರುತ್ತಾರೆ.

ಸೋಮವಾರದಿಂದ ಹಿಂದಿನ ಗೇಟು ಬೆಳಿಗ್ಗೆ ಏಳೂಮುಕ್ಕಾಲಿಗೇ ತೆರೆದಿರುತ್ತದೆ. ಕಾರು, ವ್ಯಾನ್, ಆಟೋ ಎಲ್ಲ ಸಿಗ್ನಲ್ ದಾಟಿ ಅಡ್ಡರಸ್ತೆಗೆ ಬಂದು ಅಲ್ಲೇ ಮಕ್ಕಳನ್ನು ಇಳಿಸಬೇಕು, ಎಡಗಡೆಯ ಬಾಗಿಲಿನಿಂದ. ನಡೆದು ಬರುವವರು ಮಾತ್ರ ಮುಂದಿನ ಗೇಟು ಬಳಸಲಿ.

ಹೆಲ್ಮೆಟ್ ಬಗ್ಗೆ ಚೌಕಾಸಿ ಬೇಡ. ನಾಲ್ಕು ವರ್ಷ ಮೇಲ್ಪಟ್ಟ ಮಕ್ಕಳಿಗೂ ಕಾನೂನಿನಲ್ಲಿ ಹೆಲ್ಮೆಟ್ ಕಡ್ಡಾಯ. ಒಂಬತ್ತು ತಿಂಗಳಿಂದ ನಾಲ್ಕು ವರ್ಷದವರಿಗೆ ಹೆಲ್ಮೆಟ್ ಜೊತೆ ಮಗುವನ್ನು ಸವಾರರಿಗೆ ಕಟ್ಟಿಕೊಳ್ಳುವ ಬೆಲ್ಟ್ ಕೂಡ ಬೇಕು, ಗಾಡಿಯ ವೇಗ ಗಂಟೆಗೆ 40 ಕಿ.ಮೀ. ದಾಟಬಾರದು. ಹೈಸ್ಕೂಲ್ ಮಕ್ಕಳ ಕೈಗೆ ಸ್ಕೂಟರ್ ಕೊಟ್ಟು ಕಳಿಸುವುದನ್ನು ಇವತ್ತೇ ನಿಲ್ಲಿಸಿ. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿ ಪ್ರಕಾರ ಪೋಷಕರಿಗೇ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು ಆಗಬಹುದು. ದಂಡಕ್ಕಿಂತ ನನಗೆ ಆ ಮಕ್ಕಳದೇ ಚಿಂತೆ.

ಬೆಳಿಗ್ಗೆ ಅರ್ಧ ಗಂಟೆ ನಮ್ಮ ಜೊತೆ ಸಿಗ್ನಲ್‌ನಲ್ಲಿ ನಿಲ್ಲಲು ಬರುವವರು ಶುಕ್ರವಾರದೊಳಗೆ ಕ್ಲಾಸ್ ಟೀಚರ್ ಹತ್ತಿರ ಹೆಸರು ಕೊಡಿ. ವ್ಯಾನ್‌ನಲ್ಲಿ ಬರುವ ಮಕ್ಕಳ ಪೋಷಕರು ಡ್ರೈವರ್‌ಗೆ ಈ ಪತ್ರ ಓದಿ ಹೇಳಿ.

ಇತಿ,
ಮುಖ್ಯ ಶಿಕ್ಷಕಿ