ಮಂಗಟ್ಟೆ ಹಕ್ಕಿಗಳ ಗೂಡುಗಳ ಕುರಿತು ಸದಸ್ಯರಿಗೆ ಸೂಚನೆ

ಆತ್ಮೀಯ ಸದಸ್ಯರೇ,

ದಾಂಡೇಲಿ ಸುತ್ತಮುತ್ತ ಮಂಗಟ್ಟೆ (ಹಾರ್ನ್‌ಬಿಲ್) ಹಕ್ಕಿಗಳು ಗೂಡು ಸೇರುವ ಕಾಲ ಇದಾದ್ದರಿಂದ ಈ ಸೂಚನೆಯನ್ನು ದಯವಿಟ್ಟು ಪೂರ್ತಿ ಓದಬೇಕು. ಈ ಹಕ್ಕಿ ತಾನೇ ಮರ ಕೊರೆಯಲಾರದು. ಹಳೆಯ ದೊಡ್ಡ ಮರಗಳಲ್ಲಿರುವ ಪೊಟರೆಗಳನ್ನೇ ಅದು ನಂಬಿದೆ. ಹೆಣ್ಣು ಪೊಟರೆಯೊಳಗೆ ಸೇರಿ, ಕೊಕ್ಕು ಚಾಚುವಷ್ಟು ಸಂದು ಮಾತ್ರ ಬಿಟ್ಟು ಪೊಟರೆಯ ಬಾಯನ್ನು ಮುಚ್ಚಿಕೊಂಡ ಮೇಲೆ, ವಾರಗಟ್ಟಲೆ ಗಂಡು ತರುವ ಆಹಾರವೇ ಅದಕ್ಕೂ ಮರಿಗಳಿಗೂ ಆಧಾರ.

ಆ ಆಹಾರದಲ್ಲಿ ಅತ್ತಿ, ಆಲ, ಬಸರಿಗಳ ಹಣ್ಣುಗಳಿಗೆ ದೊಡ್ಡ ಪಾಲಿದೆ. ಈ ಮರಗಳ ಹೂಗಳು ಕಾಯಿಯಂತೆ ಕಾಣುವ ಗೊಂಚಲಿನ ಒಳಗೇ ಅರಳುವುದರಿಂದ, ಪರಾಗಸ್ಪರ್ಶಕ್ಕೆ ಅದರೊಳಗೆ ನುಸುಳಬಲ್ಲ ಪುಟ್ಟ ಕಣಜವೇ ಬೇಕು. ಆ ಕಣಜಕ್ಕೆ ಮೊಟ್ಟೆಯಿಡಲು ಬೇರೆ ತಾವಿಲ್ಲ. ಎಲ್ಲ ಮರಗಳೂ ಒಂದೇ ಹೊತ್ತಿಗೆ ಹಣ್ಣು ಬಿಡದಿರುವುದರಿಂದಲೇ ಕಣಜದ ಸಂತತಿ ಉಳಿಯುತ್ತದೆ, ಬೇರೆ ಹಣ್ಣುಗಳಿಲ್ಲದ ತಿಂಗಳುಗಳಲ್ಲೂ ಹಕ್ಕಿ, ಮಂಗ, ಬಾವಲಿಗಳಿಗೆ ಆಹಾರ ಸಿಗುತ್ತದೆ. ನನಗೆ ಇದು ಪಶ್ಚಿಮ ಘಟ್ಟದ ಅತಿ ಸೂಕ್ಷ್ಮ ಒಪ್ಪಂದವೆನಿಸುತ್ತದೆ. ರಾಮಪತ್ರೆಯಂಥ ದಪ್ಪ ಬೀಜದ ಹಣ್ಣುಗಳನ್ನು ನುಂಗಿ ದೂರ ಒಯ್ಯಬಲ್ಲ ಹಕ್ಕಿಗಳು ಕೆಲವೇ, ಅವುಗಳಲ್ಲಿ ಮಂಗಟ್ಟೆ ಮುಖ್ಯವಾದದ್ದು.

ಆದ್ದರಿಂದ ಗೂಡಿನ ಜಾಗವನ್ನು ಗುಂಪಿನಲ್ಲಿ ಹಂಚಬೇಡಿ, ಚಿತ್ರಗಳಿಂದ ಸ್ಥಳದ ಗುರುತು ತೆಗೆದು ಹಾಕಿ. ಜನರನ್ನು ಕಂಡು ಗಂಡು ಹತ್ತಿರ ಬರಲು ಹಿಂಜರಿದರೆ ಒಳಗಿರುವವು ಹಸಿದಿರಬೇಕಾಗುತ್ತದೆ. ನಿಮ್ಮ ತೋಟದಂಚಿನ ಪೊಟರೆಯಿರುವ ಮುದಿ ಮರವನ್ನು, ಒಣಗಿದೆ ಎಂಬ ಕಾರಣಕ್ಕೆ ಕಡಿಯುವ ಮುನ್ನ ಗುಂಪಿಗೆ ತಿಳಿಸಿ.