ಕೊನೆ ಗೊತ್ತಿಲ್ಲದೆಯೂ ಕಥೆ ಬರೆಯಬಹುದು

ಮಾನ್ಯ ಸಂಪಾದಕರೇ,

ನಿಮ್ಮ ಸಾಪ್ತಾಹಿಕ ಪುರವಣಿಯಲ್ಲಿ ಹೊಸ ಕಥೆಗಾರರಿಗಾಗಿ ಪ್ರಕಟವಾದ ಮಾರ್ಗದರ್ಶಿ ಲೇಖನವನ್ನು ಆಸಕ್ತಿಯಿಂದ ಓದಿದೆ. ಸಂಭಾಷಣೆಯ ಬಗ್ಗೆ, ವಿವರಗಳ ಆಯ್ಕೆಯ ಬಗ್ಗೆ ಅದರಲ್ಲಿರುವ ಮಾತುಗಳು ಒಪ್ಪುವಂಥವು. ಆದರೆ ಕಥೆಯ ಕೊನೆ ನಿಶ್ಚಯವಾಗುವವರೆಗೆ ಮೊದಲ ಸಾಲನ್ನೇ ಬರೆಯಬಾರದೆಂಬ ಸಲಹೆಯನ್ನು ಮಾತ್ರ ಒಪ್ಪಲಾರೆ. ಈ ಒಂದು ಸಲಹೆಯಿಂದಾಗಿ ಎಷ್ಟೋ ಒಳ್ಳೆಯ ಕಥೆಗಳು ಹುಟ್ಟುವ ಮೊದಲೇ ಕೈಬಿಟ್ಟುಹೋಗುತ್ತವೆ ಎಂಬ ಆತಂಕದಿಂದಲೇ ಈ ಪತ್ರ ಬರೆಯುತ್ತಿದ್ದೇನೆ.

ನನ್ನದೇ ಒಂದು ಕಥೆಯ ಮಾತು ಹೇಳುತ್ತೇನೆ. ವರ್ಷಗಟ್ಟಲೆ ಮಾತು ಬಿಟ್ಟಿದ್ದ ಅಣ್ಣ ತಂಗಿ, ತಾಯಿ ತೀರಿಕೊಂಡ ಮೇಲೆ ಮನೆ ಖಾಲಿ ಮಾಡಲು ಒಟ್ಟಿಗೆ ಬರುತ್ತಾರೆ; ಕೊನೆಗೆ ರಾಜಿಯಾಗುತ್ತಾರೆ ಎಂದು ಮೊದಲೇ ತೀರ್ಮಾನಿಸಿದ್ದೆ. ಬರೆಯುತ್ತ ಹೋದಂತೆ ತಂಗಿ ಗೋಡೆ ಗಡಿಯಾರವನ್ನು ಕೆಳಗಿಳಿಸಿ, ಅದರ ಹಿಂದೆ ಬಣ್ಣ ಮಾಸದೆ ಉಳಿದಿದ್ದ ದುಂಡನೆಯ ಗುರುತನ್ನೇ ನೋಡುತ್ತ ನಿಂತಳು. ಏನೋ ಹೇಳಲು ಬಾಗಿಲವರೆಗೆ ಬಂದ ಅಣ್ಣ ಹಾಗೆಯೇ ಹಿಂದಿರುಗಿದ. ಏಕೆ ಹಿಂದಿರುಗಿದನೆಂದು ನನಗೆ ತಿಳಿಯಲಿಲ್ಲ. ಎರಡು ತಿಂಗಳು ಆ ಕರಡನ್ನು ಮುಟ್ಟಲಿಲ್ಲ. ಮತ್ತೆ ಓದಿದಾಗ, ತಾಯಿಯ ಕಾಯಿಲೆಯ ವಿಷಯ ಅವನಿಗೆ ಮೊದಲೇ ಗೊತ್ತಿತ್ತು, ತಂಗಿಯಿಂದ ಅದನ್ನು ಮುಚ್ಚಿಟ್ಟಿದ್ದ ಎಂಬುದು ಹೊಳೆಯಿತು. ನಾನು ಯೋಜಿಸಿದ್ದ ರಾಜಿ ಆಮೇಲೆ ಸುಳ್ಳಾಗಿ ಕಂಡಿತು, ತೆಗೆದುಹಾಕಿದೆ. ಮೊದಲಿನ ನಿಶ್ಚಯಕ್ಕೇ ಅಂಟಿಕೊಂಡಿದ್ದರೆ ಅವನನ್ನು ಬಲವಂತವಾಗಿ ಒಳಗೆ ಕರೆತಂದು ಮಾತನಾಡಿಸುತ್ತಿದ್ದೆ.

ಇದು ಹೊಸ ವಿಚಾರವೇನಲ್ಲ. ಕವಿ ಜಾನ್ ಕೀಟ್ಸ್ 1817ರ ಡಿಸೆಂಬರಿನಲ್ಲಿ, ಇಪ್ಪತ್ತೆರಡನೆಯ ವಯಸ್ಸಿನಲ್ಲಿ ತನ್ನ ಸಹೋದರರಿಗೆ ಬರೆದ ಪತ್ರದಲ್ಲಿ, ಕಾರಣಕ್ಕಾಗಿ ಚಡಪಡಿಸದೆ ಸಂದೇಹಗಳ ನಡುವೆಯೇ ಇರಬಲ್ಲ ಶಕ್ತಿಯನ್ನು ದೊಡ್ಡ ಬರಹಗಾರನ ಗುಣವೆಂದು ಗುರುತಿಸಿದ. ಅದು ಶೇಕ್ಸ್‌ಪಿಯರನಲ್ಲಿ ಹೇರಳವಾಗಿತ್ತೆಂದ. ರಷ್ಯನ್ ಕಥೆಗಾರ ಚೆಕಾಫ್ 1888ರಲ್ಲಿ ತನ್ನ ಪ್ರಕಾಶಕ ಸುವೋರಿನ್‌ಗೆ ಬರೆದ ಪತ್ರದಲ್ಲಿ, ಪ್ರಶ್ನೆಯನ್ನು ಬಗೆಹರಿಸುವುದು ಬೇರೆ, ಸರಿಯಾಗಿ ಮುಂದಿಡುವುದು ಬೇರೆ, ಕಲಾವಿದನಿಗೆ ಕಡ್ಡಾಯವಾದದ್ದು ಎರಡನೆಯದು ಮಾತ್ರ ಎಂದ. ಉತ್ತರ ಕಥೆಗಾರನ ಹೊಣೆಯಲ್ಲವೆಂದ ಮೇಲೆ ಅದನ್ನು ಮೊದಲೇ ಗೊತ್ತುಮಾಡಿಕೊಳ್ಳಬೇಕೆಂಬ ಒತ್ತಾಯವೇಕೆ?

ಪತ್ತೇದಾರಿ ಕಥೆಯ ಮಾತು ಬೇರೆ. ಅಪರಾಧಿ ಯಾರೆಂದು ತಿಳಿಯದೆ ಸುಳಿವುಗಳನ್ನು ಹೆಣೆಯುವುದು ಕಷ್ಟ. ಪೂರ್ತಿ ಹಂದರ ಹಾಕಿಕೊಂಡೇ ಸೊಗಸಾಗಿ ಬರೆಯುವವರೂ ಇದ್ದಾರೆ. ಅನಿಶ್ಚಿತತೆ ಎಂದರೆ ಮೈಗಳ್ಳತನವೂ ಅಲ್ಲ, ಏಕೆಂದರೆ ದಾರಿ ತಿಳಿಯದೆ ಬರೆದವರು ಮೂರು ನಾಲ್ಕು ಬಾರಿ ತಿದ್ದಿ ಬರೆಯಲೇಬೇಕಾಗುತ್ತದೆ, ಮೊದಲ ಕರಡಿನ ಅರ್ಧಕ್ಕರ್ಧವನ್ನು ಕೈಬಿಡಲೂ ಸಿದ್ಧರಿರಬೇಕಾಗುತ್ತದೆ. ಹೊಸಬರಿಗೆ ಕಲಿಸಬೇಕಾದದ್ದು ಈ ತಾಳ್ಮೆಯನ್ನು ಎಂಬುದು ನನ್ನ ದೃಢ ನಂಬಿಕೆ.

ಕಥಾ ಕಮ್ಮಟಗಳಲ್ಲಿ ಮೊದಲ ದಿನವೇ ಕಥಾಸಾರಾಂಶ ಕೇಳುವ ರೂಢಿಯಿದೆ. ಅದರ ಬದಲು ಅರ್ಧ ಬರೆದ ಕರಡನ್ನು ತರಲು ಹೇಳಿ, ಮುಂದೇನೆಂದು ತಿಳಿಯದ ಕಡೆ ನಿಂತು ಮಾತನಾಡಲು ಅವಕಾಶ ಕೊಡಬೇಕು. ನಿಮ್ಮ ಪುರವಣಿಯೂ ಲೇಖಕರ ತಿದ್ದಿದ ಕರಡುಗಳ ಒಂದೆರಡು ಪುಟಗಳನ್ನು ಆಗಾಗ ಪ್ರಕಟಿಸಬೇಕೆಂದು ಕೋರುತ್ತೇನೆ.

ಇಂತಿ,
ಓರ್ವ ಕಥೆಗಾರ್ತಿ